‘ಸೇಫ್ಟಿ’ ಎಂದರೆ ಯಾರ ಸೇಫ್ಟಿ?



ಇಂಗ್ಲಿಷ್ ಓದು ಬಾರದವರೂ ಸರಾಗವಾಗಿ ಆಡುವ ಇಂಗ್ಲಿಷ್ ಮಾತುಗಳು ನಮ್ಮ ಹಳ್ಳಿಗಳಲ್ಲಿ ಬಹಳ ಇವೆ. ಬಸ್ಸು, ಮೋಟಾರು, ಪಂಪು, ಬ್ಯಾಂಕು ಇವೆಲ್ಲ ವಸ್ತುಗಳ ಹೆಸರು. ವಸ್ತು ಬಂದಾಗ ಅದರ ಜೊತೆಯಲ್ಲಿ ಹೆಸರೂ ಬಂದಿತು. ಇಂಥವುಗಳಿಂದ ತೊಂದರೆಯೇನಿಲ್ಲ. ಆದರೆ ಕೆಲವು ಮಾತುಗಳು ವಸ್ತುವಿನ ಹೆಸರಲ್ಲ, ಒಂದು ವಿಚಾರದ ಹೆಸರು. ಅಂಥವು ಬರುವಾಗ ಅರ್ಧ ಅರ್ಥ ಮಾತ್ರ ಊರು ಸೇರಿ, ಉಳಿದರ್ಧ ದಾರಿಯಲ್ಲೇ ಉಳಿದುಬಿಡುವುದುಂಟು. ‘ಸೇಫ್ಟಿ’ ಎಂಬುದು ಅಂಥ ಒಂದು ಮಾತು.

ನಾವು ಇದನ್ನು ಹೇಗೆ ಬಳಸುತ್ತೇವೆ ನೋಡಿ. “ಜಾತ್ರೆಯಲ್ಲಿ ದುಡ್ಡು ಸೇಫ್ಟಿಯಾಗಿಟ್ಟುಕೋ” ಎನ್ನುತ್ತೇವೆ. “ಹಗ್ಗ ಹಳೆಯದು, ಸೇಫ್ಟಿಗೆ ಇನ್ನೊಂದು ಸುತ್ತು ಹಾಕು” ಎನ್ನುತ್ತೇವೆ. ಇವೆರಡೂ ಸರಿಯೇ. ಅದೇ ಬಾಯಲ್ಲಿ, ಸಿಂಪರಣಾ ಯಂತ್ರದ ಟ್ಯಾಂಕಿಗೆ ಕೀಟನಾಶಕ ಸುರಿಯುವಾಗ, “ಸೇಫ್ಟಿಗೆ ಇರಲಿ, ಇನ್ನೊಂದು ಮುಚ್ಚಳ ಹಾಕು” ಎನ್ನುತ್ತೇವೆ. ಅಂಗಡಿಯ ಮುಂದೆ ನಿಂತು, “ಈ ಔಷಧಿ ಸೇಫಾ?” ಎಂದು ಕೇಳುತ್ತೇವೆ. “ಪೂರ್ತಿ ಸೇಫು, ತೆಗೆದುಕೊಂಡು ಹೋಗಿ” ಎಂಬ ಉತ್ತರವೂ ಸಿಗುತ್ತದೆ. ಈ ಕೊನೆಯ ಎರಡು ಬಳಕೆಗಳು ತಪ್ಪು. ಅವು ಕೇವಲ ಭಾಷೆಯ ತಪ್ಪುಗಳಾಗಿದ್ದರೆ ಪಂಡಿತರು ತಿದ್ದಿಕೊಳ್ಳಲಿ ಎಂದು ಬಿಡಬಹುದಾಗಿತ್ತು. ಆದರೆ ಈ ತಪ್ಪಿನಿಂದ ಹೊಲದಲ್ಲಿ ಪ್ರಾಣ ಹೋಗುತ್ತಿದೆ. ಆದುದರಿಂದ ಈ ಮಾತಿನ ಅರ್ಥವನ್ನು ಒಮ್ಮೆ ಕುಳಿತು ವಿಚಾರ ಮಾಡುವುದು ಅಗತ್ಯ.

ಮಾತಿನ ಮೂಲ

ಇಂಗ್ಲಿಷಿನ ‘ಸೇಫ್’ ಎಂಬ ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಮೂಲವಾದ ‘ಸಾಲ್ವುಸ್’ ಎಂಬ ಶಬ್ದಕ್ಕೆ ಗಾಯವಿಲ್ಲದೆ, ಊನವಿಲ್ಲದೆ, ಆರೋಗ್ಯವಾಗಿರುವವನು ಎಂದು ಅರ್ಥ. ಅಂದರೆ ಮೊದಲಿಗೆ ಈ ಮಾತು ಹೇಳುತ್ತಿದ್ದುದು ಮನುಷ್ಯನ ದೇಹಸ್ಥಿತಿಯನ್ನು. ಹೋದವನು ಹೋದ ಹಾಗೆಯೇ ಮನೆಗೆ ಮರಳಿ ಬಂದರೆ ಅವನು ಸೇಫ್.

ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಮಾತು ಇಲ್ಲವೆಂದು ತಿಳಿಯಬೇಡಿ. ‘ಹುಷಾರು’ ಎಂಬ ಮಾತನ್ನು ನೋಡಿ. “ಹುಷಾರಾಗಿ ಹೋಗಿ ಬಾ” ಎಂದರೆ ಎಚ್ಚರಿಕೆಯಿಂದ ಹೋಗಿ ಬಾ ಎಂದರ್ಥ. “ಮೈ ಹುಷಾರಿಲ್ಲ” ಎಂದರೆ ಆರೋಗ್ಯವಿಲ್ಲ ಎಂದರ್ಥ. ಎಚ್ಚರಿಕೆಗೂ ಆರೋಗ್ಯಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ಎಚ್ಚರ ತಪ್ಪಿದವನ ಮೈ ಸರಿ ಇರುವುದಿಲ್ಲವೆಂಬ ತಿಳಿವಳಿಕೆ ಆ ಒಂದು ಮಾತಿನಲ್ಲೇ ಅಡಗಿದೆ. ‘ಜೋಕೆ’, ‘ಜೋಪಾನ’ ಎಂಬವೂ ಹೀಗೆಯೇ. ಇವೆಲ್ಲವೂ ಮನುಷ್ಯ ಮಾಡಬೇಕಾದ ಕೆಲಸವನ್ನು ಹೇಳುತ್ತವೆಯೇ ಹೊರತು, ಪೇಟೆಯಲ್ಲಿ ಕೊಂಡು ತರುವ ವಸ್ತುವಿನ ಗುಣವನ್ನಲ್ಲ.

ಪಿನ್ನು, ಬೆಂಕಿಕಡ್ಡಿ, ಬತ್ತಿ

‘ಸೇಫ್ಟಿ’ ಎಂಬ ಮಾತು ನಮ್ಮ ಮನೆಗಳಿಗೆ ಮೊದಲು ಬಂದುದು ಕೆಲವು ಸಣ್ಣ ಸಾಮಾನುಗಳ ಮೂಲಕ. ಅವುಗಳನ್ನೇ ಪರೀಕ್ಷಿಸಿದರೆ ಮಾತಿನ ನಿಜವಾದ ಅರ್ಥ ತಿಳಿಯುತ್ತದೆ.

ಮೊದಲನೆಯದು ಸೇಫ್ಟಿ ಪಿನ್ನು. ಅಮೆರಿಕದ ವಾಲ್ಟರ್ ಹಂಟ್ ಎಂಬುವರು 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದರ ಮೊನೆ ಸಾಧಾರಣ ಪಿನ್ನಿನಷ್ಟೇ ಚೂಪು. ಆದರೆ ಆ ಮೊನೆಗೆ ಒಂದು ಮುಚ್ಚಿಗೆ ಇದೆ. ಅಲ್ಲಿ ಸೇಫ್ಟಿ ಎಂದರೆ ಮರೆ.

ಎರಡನೆಯದು ಬೆಂಕಿಪೊಟ್ಟಣ. ಅದರ ಮೇಲೆ ‘ಸೇಫ್ಟಿ ಮ್ಯಾಚಸ್’ ಎಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಹಿಂದಿನ ಕಾಲದ ಕಡ್ಡಿಗಳ ತಲೆಯಲ್ಲೇ ಬಿಳಿ ರಂಜಕವಿರುತ್ತಿತ್ತು. ಎಲ್ಲಿ ಉಜ್ಜಿದರೂ, ಕೆಲವೊಮ್ಮೆ ಜೇಬಿನಲ್ಲೇ, ಹೊತ್ತಿಕೊಳ್ಳುತ್ತಿತ್ತು. ಆ ಬಿಳಿ ರಂಜಕದ ವಿಷದಿಂದ ಕಾರ್ಖಾನೆಯ ಕೆಲಸಗಾರರ ದವಡೆಯ ಎಲುಬು ಕೊಳೆಯುತ್ತಿತ್ತು. ಸ್ವೀಡನ್ ದೇಶದ ಗುಸ್ತಾಫ್ ಪಾಶ್ ಎಂಬ ವಿಜ್ಞಾನಿ 1844ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದರು. ಕೆಂಪು ರಂಜಕವನ್ನು ಪೊಟ್ಟಣದ ಪಕ್ಕಕ್ಕೆ ಬಳಿದು, ಉಳಿದ ರಾಸಾಯನಿಕವನ್ನು ಕಡ್ಡಿಯ ತಲೆಗೆ ಹಾಕಿದರು. ಎರಡೂ ಸೇರಿದಾಗ ಮಾತ್ರ ಬೆಂಕಿ. ಅಲ್ಲಿ ಸೇಫ್ಟಿ ಎಂದರೆ ಬೇರೆ ಬೇರೆ ಇಡುವುದು.

ಮೂರನೆಯದು, ಬಾವಿ ತೋಡುವಾಗ ಬಂಡೆ ಸಿಡಿಸಲು ಬಳಸುವ ಸೇಫ್ಟಿ ಫ್ಯೂಸ್, ಅಂದರೆ ಮದ್ದಿನ ಬತ್ತಿ. ಇಂಗ್ಲೆಂಡಿನ ಗಣಿಗಳಲ್ಲಿ ಮದ್ದು ಹೊತ್ತಿಸಿದವನು ಓಡುವ ಮೊದಲೇ ಸಿಡಿದು ಸಾಯುತ್ತಿದ್ದುದನ್ನು ಕಂಡು, ವಿಲಿಯಂ ಬಿಕ್‌ಫೋರ್ಡ್ ಎಂಬುವರು 1831ರಲ್ಲಿ ಇದನ್ನು ರೂಪಿಸಿದರು. ಈ ಬತ್ತಿ ಒಂದೇ ಸಮನೆ, ಲೆಕ್ಕಕ್ಕೆ ಸಿಗುವ ವೇಗದಲ್ಲಿ ಉರಿಯುತ್ತದೆ. ಹೊತ್ತಿಸಿದವನಿಗೆ ದೂರ ಹೋಗಲು ಸಮಯ ಸಿಗುತ್ತದೆ. ಅಲ್ಲಿ ಸೇಫ್ಟಿ ಎಂದರೆ ಕಾಲಾವಕಾಶ.

ಈ ಮೂರರಲ್ಲೂ ಒಂದು ಸಾಮಾನ್ಯ ಅಂಶವನ್ನು ಗಮನಿಸಿ. ಅಪಾಯ ಎಲ್ಲಿಯೂ ಮಾಯವಾಗಿಲ್ಲ. ಸೇಫ್ಟಿ ಪಿನ್ನು ಚುಚ್ಚದಿರುವುದಿಲ್ಲ. ಸೇಫ್ಟಿ ಬೆಂಕಿಕಡ್ಡಿ ಹುಲ್ಲಿನ ಬಣವೆಯನ್ನು ಸುಡದಿರುವುದಿಲ್ಲ. ಸೇಫ್ಟಿ ಬತ್ತಿ ಬಂಡೆಯನ್ನು ಒಡೆಯದಿರುವುದಿಲ್ಲ. ಅಪಾಯಕ್ಕೂ ಮನುಷ್ಯನಿಗೂ ನಡುವೆ ಒಂದು ಮರೆ, ಒಂದು ಅಂತರ ಅಥವಾ ಒಂದು ಅವಧಿಯನ್ನು ಇರಿಸಿದ್ದಾರೆ, ಅಷ್ಟೆ. ಸೇಫ್ಟಿ ಎಂದರೆ ಇದೇ. ‘ಅಪಾಯವಿಲ್ಲ’ ಎಂದು ಆ ಮಾತು ಎಂದೂ ಹೇಳಿಲ್ಲ. ‘ಅಪಾಯವಿದೆ, ಅದಕ್ಕೆ ತಕ್ಕ ಏರ್ಪಾಡು ಮಾಡಿದೆ’ ಎಂದೇ ಅದು ಹೇಳುತ್ತದೆ.

ಕಾನೂನು ಬೇಡವೆಂದ ಮಾತು

ಈಗ ಅಂಗಡಿಯ ಪ್ರಶ್ನೆಗೆ ಬರೋಣ. “ಈ ಔಷಧಿ ಸೇಫಾ?”

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಾಣಿಕೆಯಲ್ಲಿ ಗೋಧಿ ಹಿಟ್ಟಿಗೆ ತಗಲಿ, ಅದನ್ನು ಉಂಡ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತ ದೇಶದ ಕಣ್ಣು ತೆರೆಸಿತು. ಮುಂದೆ 1968ರಲ್ಲಿ ಕೀಟನಾಶಕ ಕಾಯ್ದೆಯೂ, 1971ರಲ್ಲಿ ಅದರ ನಿಯಮಗಳೂ ಬಂದವು. ಆ ನಿಯಮಗಳಲ್ಲಿ ಡಬ್ಬಿಯ ಲೇಬಲ್ಲಿನ ಮೇಲೆ ಏನು ಬರೆಯಬೇಕೆಂಬುದರ ಜೊತೆಗೆ ಏನು ಬರೆಯಕೂಡದೆಂಬುದನ್ನೂ ಹೇಳಿದೆ. ‘ಸೇಫ್’, ‘ವಿಷವಲ್ಲ’, ‘ಹಾನಿಯಿಲ್ಲ’ ಎಂಬ ಮಾತುಗಳನ್ನು ಯಾವ ಕೀಟನಾಶಕದ ಲೇಬಲ್ಲಿನ ಮೇಲೂ ಹಾಕುವಂತಿಲ್ಲ. ‘ಹೇಳಿದಂತೆ ಬಳಸಿದರೆ’ ಎಂಬ ಷರತ್ತನ್ನು ಸೇರಿಸಿಯೂ ಹಾಗೆ ಬರೆಯುವಂತಿಲ್ಲ.

ಡಬ್ಬಿಯ ಮೇಲೆ ಬರೆಯಲು ಕಾನೂನು ಅವಕಾಶ ಕೊಡದ ಮಾತನ್ನು, ಡಬ್ಬಿಯನ್ನು ಕೈಗೆ ಕೊಡುವಾಗ ಬಾಯಿಂದ ಹೇಳುವುದು ಎಷ್ಟು ಸರಿ? ಅದನ್ನು ಕೇಳಿ ನಂಬುವುದು ಎಷ್ಟು ಸರಿ? ನೀವೇ ಯೋಚಿಸಿ.

ಲೇಬಲ್ಲಿನ ಮೇಲೆ ಇರುವುದೇನು? ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ. ಅದರಲ್ಲಿ ಎರಡು ತ್ರಿಕೋನ. ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ. ಕೆಂಪು ಎಂದರೆ ಅತ್ಯಂತ ವಿಷಕಾರಿ. ಹಳದಿ ಎಂದರೆ ಹೆಚ್ಚು ವಿಷಕಾರಿ. ನೀಲಿ ಎಂದರೆ ಮಧ್ಯಮ ವಿಷಕಾರಿ. ಹಸಿರು ಎಂದರೆ ಅಲ್ಪ ವಿಷಕಾರಿ. ಮೇಲಿನ ತ್ರಿಕೋನದಲ್ಲಿ ಕೆಂಪಿನದಕ್ಕೆ ತಲೆಬುರುಡೆಯ ಚಿತ್ರವೂ ‘ವಿಷ’ ಎಂಬ ಮಾತೂ ಇರುತ್ತವೆ. ಹಳದಿಯದಕ್ಕೆ ‘ವಿಷ’ ಎಂದು, ನೀಲಿಯದಕ್ಕೆ ‘ಅಪಾಯ’ ಎಂದು, ಹಸಿರಿನದಕ್ಕೆ ‘ಎಚ್ಚರಿಕೆ’ ಎಂದು ಇರುತ್ತದೆ. ನಾಲ್ಕು ಬಣ್ಣಗಳಲ್ಲಿ ಒಂದಕ್ಕಾದರೂ ‘ಸೇಫ್’ ಎಂಬ ಮಾತಿಲ್ಲ. ಹಸಿರು ಬಣ್ಣ ಕಂಡೊಡನೆ ರೈಲಿನ ಹಸಿರು ಬಾವುಟ ಕಂಡಂತೆ ಮುನ್ನುಗ್ಗುವವರು ಇದನ್ನು ನೆನಪಿಡಬೇಕು.

ಇನ್ನೂ ಒಂದು ಸಂಗತಿ. ಈ ಬಣ್ಣಗಳು ಒಮ್ಮೆಗೆ ಮೈ ಸೇರಿದ ವಿಷದ ತೀವ್ರತೆಯನ್ನು ಮಾತ್ರ ಅಳೆಯುತ್ತವೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸೇರುತ್ತ ಹೋದರೆ ಏನಾಗುವುದೆಂಬುದನ್ನು ತ್ರಿಕೋನದ ಬಣ್ಣ ಹೇಳುವುದಿಲ್ಲ. ಎಂಡೋಸಲ್ಫಾನಿನ ಕಥೆ ನಿಮಗೆ ಗೊತ್ತಿದೆ. ಜೇನುನೊಣಗಳಿಗೆ ಇತರ ಕೆಲವು ಕೀಟನಾಶಕಗಳಷ್ಟು ಹಾನಿಕರವಲ್ಲವೆಂದು ಹೇಳಿ ಅದನ್ನು ಬಳಸಲು ಸಲಹೆ ಕೊಟ್ಟ ಕಾಲವೊಂದಿತ್ತು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಅದನ್ನು ಆಕಾಶದಿಂದ ಸಿಂಪಡಿಸಲಾಯಿತು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಹಾಗೆ ಸಿಂಪಡಿಸಿದ್ದುಂಟು. ಎಣ್ಮಕಜೆಯ ಪಡ್ರೆಯಂಥ ಊರುಗಳ ಮಕ್ಕಳ ಅಂಗವೈಕಲ್ಯವನ್ನು ದೇಶವೇ ನೋಡಿತು. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ಬಹುಕಾಲ ಬಳಕೆಯಲ್ಲಿದ್ದ ಫೋರೇಟ್, ಟ್ರೈಜೋಫಾಸ್‌ಗಳನ್ನೂ 2020ರ ಕೊನೆಯಿಂದ ನಿಷೇಧಿಸಲಾಯಿತು. ಒಂದು ಕಾಲಕ್ಕೆ ‘ಪರವಾಗಿಲ್ಲ’ ಎಂದವು ಇನ್ನೊಂದು ಕಾಲಕ್ಕೆ ‘ಬೇಡ’ ಎನಿಸಿದವು. ಆದುದರಿಂದ ‘ಪೂರ್ತಿ ಸೇಫು’ ಎಂದು ಯಾರೇ ಹೇಳಲಿ, ಅದು ತಿಳಿದು ಆಡಿದ ಮಾತಲ್ಲ.

ಸೇಫ್ಟಿಗೊಂದು ಮುಚ್ಚಳ

ಇನ್ನು ಆ ಹೆಚ್ಚುವರಿ ಮುಚ್ಚಳದ ವಿಚಾರ. ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿದರೆ ಭದ್ರವಾಗುತ್ತದೆ. ಅದೇ ಲೆಕ್ಕವನ್ನು ವಿಷಕ್ಕೆ ಹಾಕಿದರೆ ಅಪಾಯ ಹೆಚ್ಚುತ್ತದೆಯೇ ಹೊರತು ಭದ್ರತೆಯಲ್ಲ. ಶಿಫಾರಸು ಮಾಡಿದ ಪ್ರಮಾಣಕ್ಕಿಂತ ಹೆಚ್ಚು ಹಾಕಿದರೆ ಹುಳುವೇನೋ ಅಂದು ಸಾಯಬಹುದು. ಆದರೆ ಅದನ್ನು ತಿನ್ನುವ ಜೇಡ, ಗುಲಗಂಜಿ ಹುಳು ಮೊದಲಾದ ಮಿತ್ರಜೀವಿಗಳೂ ಸಾಯುತ್ತವೆ. ಭತ್ತದ ಕಂದು ಜಿಗಿಹುಳು ಕೆಲವು ಕೀಟನಾಶಕಗಳ ಅತಿಬಳಕೆಯ ನಂತರ ಮೊದಲಿಗಿಂತ ಹೆಚ್ಚಾಗಿ ಏಳುವುದನ್ನು ಅನುಭವಸ್ಥ ರೈತರು ಕಂಡಿದ್ದಾರೆ. ಬದುಕುಳಿದ ಹುಳುಗಳ ಸಂತತಿಗೆ ನಿರೋಧಶಕ್ತಿ ಬರುತ್ತದೆ. ಕಾಯಿಪಲ್ಲೆಯಲ್ಲಿ ವಿಷದ ಶೇಷ ಉಳಿಯುತ್ತದೆ. ಹೀಗೆ ಬೆಳೆಗೂ ಸೇಫ್ಟಿಯಿಲ್ಲ, ಉಣ್ಣುವವನಿಗೂ ಇಲ್ಲ, ಸಿಂಪಡಿಸುವವನಿಗಂತೂ ಇಲ್ಲವೇ ಇಲ್ಲ. ಮುಚ್ಚಳದ ಅಳತೆಯಾದರೂ ಒಂದೊಂದು ಡಬ್ಬಿಗೆ ಒಂದೊಂದು. ಅಳತೆಯ ಲೋಟದಲ್ಲಿ ಮಿಲಿಲೀಟರು ಲೆಕ್ಕ ನೋಡಿ ಹಾಕತಕ್ಕದ್ದು.

ಇಲ್ಲೊಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು. ವಿಸ್ತರಣಾ ಕೆಲಸದಲ್ಲಿರುವ ನಾವೂ ಈ ತಪ್ಪಿನಲ್ಲಿ ಪಾಲುದಾರರು. ನಾವು ‘ಸಸ್ಯ ಸಂರಕ್ಷಣೆ’ ಎಂಬ ಶೀರ್ಷಿಕೆ ಹಾಕಿ, ಲೀಟರು ನೀರಿಗೆ ಇಷ್ಟು, ಹೆಕ್ಟೇರಿಗೆ ಇಷ್ಟು ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಸಸ್ಯದ ಸಂರಕ್ಷಣೆ ಆಯಿತು. ಗನ್ನು ಹಿಡಿದು ನಿಂತವನ ಸಂರಕ್ಷಣೆ ಎಲ್ಲಿ? ಅದು ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು. ವಿಷವನ್ನು ‘ಔಷಧಿ’ ಎಂದು ಕರೆಯುವ ರೂಢಿಯನ್ನೂ ನಾವು ತಿದ್ದಲಿಲ್ಲ. ಕೆಲವು ಕಡೆ ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಔಷಧಿ ಎಂದರೆ ರೋಗ ವಾಸಿ ಮಾಡುವುದು, ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದು. ಎರಡು ಹೆಸರುಗಳೂ ಭಯವನ್ನು ಕಡಿಮೆ ಮಾಡುತ್ತವೆ, ಜಾಗ್ರತೆಯನ್ನೂ ಕಡಿಮೆ ಮಾಡುತ್ತವೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ ರೈತರೂ ಕೂಲಿಕಾರರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ. ಆಳೆತ್ತರ ಬೆಳೆದಿದ್ದ ಹತ್ತಿಯ ನಡುವೆ, ಹಲವು ಕೀಟನಾಶಕಗಳನ್ನು ಬೆರೆಸಿ, ರಕ್ಷಣಾ ಉಡುಪಿಲ್ಲದೆ ಸಿಂಪಡಿಸುವಾಗ ಉಸಿರಿನಿಂದಲೂ ಚರ್ಮದಿಂದಲೂ ವಿಷ ಒಳಸೇರಿತು. ಬೆಳೆಯನ್ನು ಉಳಿಸಿಕೊಳ್ಳಲು ಹೋದವರು ತಾವೇ ಉಳಿಯಲಿಲ್ಲ.

ಸೆಖೆಯ ಮಾತು

“ನಮ್ಮ ಬಿಸಿಲಿನಲ್ಲಿ ರಬ್ಬರು ಬಟ್ಟೆ, ಮುಖವಾಡ, ಕನ್ನಡಕ ಹಾಕಿಕೊಂಡು ಕೆಲಸ ಮಾಡಲು ಸಾಧ್ಯವೇ? ನೀವು ನೆರಳಿನಲ್ಲಿ ಕುಳಿತು ಬರೆಯುತ್ತೀರಿ” ಎಂದು ನೀವು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಅದನ್ನು ತಳ್ಳಿಹಾಕುವಂತಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯೂ ಈ ಮಾತನ್ನು ಒಪ್ಪಿಕೊಂಡಿದೆ. ಧರಿಸಲು ಕಷ್ಟವಾದ, ದುಬಾರಿಯಾದ ರಕ್ಷಣಾ ಉಡುಪು ಬೇಕಾಗುವಂಥ ಪೀಡೆನಾಶಕಗಳನ್ನು ಉಷ್ಣಪ್ರದೇಶದ ಸಣ್ಣ ಬಳಕೆದಾರರ ಮಟ್ಟಿಗೆ ಬಳಸದಿರುವುದೇ ಲೇಸು ಎಂಬುದು ಅದರ ಆಶಯ. ಅಂದರೆ ಸೆಖೆಯ ಮಾತಿಗೆ ಉತ್ತರ ಬರಿಮೈಯಲ್ಲಿ ಕೆಂಪು ತ್ರಿಕೋನದ ವಿಷ ಹೊಡೆಯುವುದಲ್ಲ. ಅಂಥ ವಿಷವನ್ನೇ ಆರಿಸದಿರುವುದು ಸರಿಯಾದ ಉತ್ತರ. ಮೊದಲು ಹುಳುವಿನ ಸಂಖ್ಯೆ ನೋಡಿ. ಮೋಹಕ ಬಲೆ, ಬೇವಿನ ಬೀಜದ ಕಷಾಯ, ಮಿತ್ರಜೀವಿಗಳಿಂದ ಆಗುವುದೇ ನೋಡಿ. ಆಗದಿದ್ದರೆ ಮಾತ್ರ, ಇದ್ದುದರಲ್ಲಿ ಕಡಿಮೆ ವಿಷದ್ದನ್ನು ಆರಿಸಿ. ಹೊಡೆಯದೆ ಬಿಟ್ಟ ಒಂದು ಸಿಂಪರಣೆಗಿಂತ ಹೆಚ್ಚಿನ ಸೇಫ್ಟಿ ಬೇರೆ ಯಾವುದೂ ಇಲ್ಲ.

ಹೊಡೆಯಲೇಬೇಕಾದಾಗ ಪಿನ್ನು, ಬೆಂಕಿಕಡ್ಡಿ, ಬತ್ತಿ ಈ ಮೂರನ್ನೂ ನೆನೆಸಿಕೊಳ್ಳಿ.

ಮೊದಲನೆಯದು ಮರೆ. ನೀರು ಬೆರೆಸದ ವಿಷವೇ ಎಲ್ಲಕ್ಕಿಂತ ಅಪಾಯಕಾರಿ. ಅದನ್ನು ಅಳೆದು ಬೆರೆಸುವ ಕೆಲವೇ ನಿಮಿಷಗಳ ಕೆಲಸಕ್ಕೆ ರಬ್ಬರು ಕೈಗವಸು ಹಾಕಿಕೊಳ್ಳಲು ಯಾವ ಸೆಖೆಯೂ ಅಡ್ಡಿಯಲ್ಲ. ಕೈಯಿಂದ ಕಲಕಬಾರದು, ಕೋಲಿನಿಂದ ಕಲಕಬೇಕು. ತುಂಬುತೋಳಿನ ಅಂಗಿ, ಉದ್ದ ಷರಾಯಿ, ಬೂಟು, ಮೂಗು ಬಾಯಿಗೆ ಮುಖಗವಸು ಇರಲಿ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಕೆಲಸ ಮಾಡಿ. ಗಾಳಿಗೆ ಎದುರಾಗಿ ಎಂದೂ ಸಿಂಪಡಿಸಬೇಡಿ. ನಳಿಕೆ ಕಟ್ಟಿಕೊಂಡರೆ ಬಾಯಿಂದ ಊದಬೇಡಿ.

ಎರಡನೆಯದು ಬೇರೆ ಇಡುವುದು. ಕೀಟನಾಶಕವನ್ನು ಅಡಿಗೆಮನೆ, ಕಾಳಿನ ವಾಡೆ, ಮೇವಿನ ಕೊಟ್ಟಿಗೆಗಳಿಂದ ದೂರ, ಬೀಗವಿರುವಲ್ಲಿ ಇಡಿ. ಇನ್ನೊಂದು ಸೀಸೆಗೆ, ಮುಖ್ಯವಾಗಿ ಕುಡಿಯುವ ಪಾನೀಯದ ಸೀಸೆಗೆ, ಬಗ್ಗಿಸಿಡಬೇಡಿ. ಬೀಡಿ, ಎಲೆ ಅಡಿಕೆ, ಊಟ ಎಲ್ಲವೂ ಕೈಕಾಲು ತೊಳೆದ ಮೇಲೆಯೇ. ಸಿಂಪರಣೆಯ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಹಾಕಬೇಡಿ. ಆ ಬಟ್ಟೆ ಒಗೆಯುವ ಹೆಂಗಸಿನ ಕೈಯೂ ಕೈಯೇ ಎಂಬುದು ನೆನಪಿರಲಿ.

ಮೂರನೆಯದು ಕಾಲಾವಕಾಶ. ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಡಬ್ಬಿಯ ಜೊತೆಯ ಕರಪತ್ರದಲ್ಲಿ ಕೊಟ್ಟಿರುತ್ತಾರೆ. ಅದು ಬೆಳೆಯಿಂದ ಬೆಳೆಗೆ ಬೇರೆ. ಎಮಾಮೆಕ್ಟಿನ್ ಬೆಂಜೊಯೇಟ್ ಶೇ. 5ರ ಪುಡಿಯನ್ನೇ ತೆಗೆದುಕೊಳ್ಳಿ. ಬದನೆಗೆ 3 ದಿನ, ಬೆಂಡೆಗೆ 5 ದಿನ, ತೊಗರಿಗೆ 14 ದಿನ ಕಾಯಬೇಕು. ಇಂದು ಸಂಜೆ ಹೊಡೆದು ನಾಳೆ ಮುಂಜಾನೆ ಸಂತೆಗೆ ಕೊಯ್ದರೆ, ಬತ್ತಿ ಹೊತ್ತಿಸಿ ಬಂಡೆಯ ಮೇಲೆಯೇ ಕುಳಿತಂತೆ. ವ್ಯತ್ಯಾಸವಿಷ್ಟೇ: ಕುಳಿತಿರುವುದು ನಾವಲ್ಲ, ನಮ್ಮ ಕಾಯಿಪಲ್ಲೆ ಕೊಂಡವರ ಮಕ್ಕಳು.

ಸಿಂಪಡಿಸುವಾಗಲಾಗಲಿ ಅನಂತರವಾಗಲಿ ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಉಸಿರಾಟದ ತೊಂದರೆ ಕಂಡರೆ ‘ಬಿಸಿಲಿಗೆ ಆಗಿರಬೇಕು’ ಎಂದು ಮಲಗಿಸಬೇಡಿ. ಬಟ್ಟೆ ಬಿಚ್ಚಿಸಿ, ಮೈಯನ್ನು ಸಾಬೂನು ಹಚ್ಚಿ ತೊಳೆದು, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯನ್ನಾಗಲಿ ಕರಪತ್ರವನ್ನಾಗಲಿ ಜೊತೆಗೆ ಒಯ್ಯಿರಿ. ವಿಷ ಯಾವುದೆಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭವಾಗುತ್ತದೆ.

ಯಾರ ಸೇಫ್ಟಿ?

ಕೊನೆಯದಾಗಿ ಒಂದು ಕಟುವಾದ ಮಾತು. ಇಂದು ಬಹಳ ಹೊಲಗಳಲ್ಲಿ ಸಿಂಪಡಿಸುವವನು ಹೊಲದ ಒಡೆಯನಲ್ಲ. ಟ್ಯಾಂಕಿಗೆ ಇಷ್ಟೆಂದು ಕೂಲಿಗೆ ಬಂದವನು. ಅವನು ಇಂದು ನಮ್ಮ ಹೊಲ, ನಾಳೆ ಪಕ್ಕದ ಹೊಲ ಎಂದು ಹಂಗಾಮಿಡೀ ವಿಷದಲ್ಲೇ ಇರುತ್ತಾನೆ. ನಾವು ವರ್ಷಕ್ಕೆ ನಾಲ್ಕಾರು ದಿನ ಉಸಿರಾಡುವುದನ್ನು ಅವನು ತಿಂಗಳುಗಟ್ಟಲೆ ಉಸಿರಾಡುತ್ತಾನೆ. ‘ಅವನಿಗೆ ಅಭ್ಯಾಸವಾಗಿದೆ’ ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ವಿಷಕ್ಕೆ ಅಭ್ಯಾಸವೆಂಬುದಿಲ್ಲ. 1971ರ ನಿಯಮಗಳಲ್ಲಿ ಸಿಂಪಡಿಸುವವರ ರಕ್ಷಣಾ ಉಡುಪಿನ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಆದರೆ ಕಾನೂನು ಪ್ರತಿಯೊಂದು ಹೊಲದ ಬದುವಿನ ಮೇಲೆ ಬಂದು ನಿಲ್ಲಲಾರದು. ಕೂಲಿಯ ಜೊತೆಗೆ ಒಂದು ಜೊತೆ ಕೈಗವಸು, ಒಂದು ಮುಖಗವಸು, ತೊಳೆದುಕೊಳ್ಳಲು ಎರಡು ಕೊಡ ನೀರು, ಒಂದು ಸಾಬೂನು ಕೊಡುವುದು ಒಡೆಯನ ಧರ್ಮವೆಂದೇ ನನ್ನ ಅಭಿಪ್ರಾಯ. ಒಂದು ಡಬ್ಬಿ ಕೀಟನಾಶಕದ ಬೆಲೆಯ ಮುಂದೆ ಈ ಖರ್ಚು ದೊಡ್ಡದಲ್ಲ.

ಆದುದರಿಂದ, ಇನ್ನು ಮುಂದೆ ಅಂಗಡಿಯಲ್ಲಿ “ಇದು ಸೇಫಾ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಿ. ತ್ರಿಕೋನದ ಬಣ್ಣ ಯಾವುದು? ಹೊಡೆಯುವವನು ಏನು ಹಾಕಿಕೊಳ್ಳಬೇಕು? ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು? ಉತ್ತರ ಹೇಳಲಾರದ ಅಂಗಡಿಯಿಂದ ವಿಷ ಕೊಳ್ಳಬೇಡಿ. ನಮ್ಮಂಥ ವಿಸ್ತರಣಾ ಕಾರ್ಯಕರ್ತರು ಊರಿಗೆ ಬಂದಾಗಲೂ ಇವನ್ನೇ ಕೇಳಿ. ಉತ್ತರಿಸಲಾಗದಿದ್ದರೆ ನಾವು ತಿಳಿದುಕೊಂಡು ಬರುವವರೆಗೆ ಬಿಡಬೇಡಿ.

ಟ್ಯಾಂಕು ಹೆಗಲಿಗೇರಿಸುವ ಮೊದಲು, ನೀವೇ ಹೊಡೆಯುವುದಿರಲಿ, ಕೂಲಿಯವನು ಹೊಡೆಯುವುದಿರಲಿ, ‘ಸೇಫ್ಟಿ’ ಎಂಬ ಆ ಪರಭಾಷೆಯ ಮಾತನ್ನು ಸ್ವಲ್ಪ ಬದಿಗಿಟ್ಟು, ಮನೆಯಲ್ಲಿ ತಾಯಂದಿರು ಹೇಳುವ ಮಾತನ್ನೇ ಹೇಳಿ: “ಹುಷಾರು.” ಹೇಳಿದ ಮೇಲೆ ಅವನ ಕೈಗೆ ಕೈಗವಸನ್ನೂ ಕೊಡಿ.